ಅಚ್ಚಿಗೆ ಮುನ್ನಿನ ಪೂರ್ವಪಕ್ಷ

ಹೊಸದೊಂದು ಔಷಧದ ಗುಣವಾಗಲಿ, ದೂರದ ನಕ್ಷತ್ರವೊಂದನ್ನು ಸುತ್ತುವ ಗ್ರಹದ ಸುದ್ದಿಯಾಗಲಿ, ಪ್ರಾಚೀನ ಜನಸಮುದಾಯವೊಂದರ ವಲಸೆಯ ವೃತ್ತಾಂತವಾಗಲಿ ವೃತ್ತಪತ್ರಿಕೆಗಳಲ್ಲಿ ಬರುವಾಗ, ಆ ಸಂಶೋಧನೆ ‘ಪೀರ್ ರಿವ್ಯೂ’ಗೆ ಒಳಪಟ್ಟ ವಿದ್ವತ್ಪತ್ರಿಕೆಯಲ್ಲಿ ಪ್ರಕಟವಾಗಿದೆಯೆಂಬ ಮಾತನ್ನು ಸೇರಿಸುವುದು ಈಚೆಗೆ ರೂಢಿಯಾಗಿದೆ. ಸಮಾನ ವಿದ್ವಾಂಸರು ಅಚ್ಚಿಗೆ ಮೊದಲೇ ಓದಿ ಪರಿಶೀಲಿಸಿದ್ದಾರೆಂಬುದು ಆ ಮಾತಿನ ತಾತ್ಪರ್ಯ. ಸಾಮಾನ್ಯ ಓದುಗನು ಇದನ್ನು ಸತ್ಯದ ಮುದ್ರೆಯೆಂದೇ ಗ್ರಹಿಸುತ್ತಾನೆ. ವಿಶ್ವವಿದ್ಯಾನಿಲಯದ ಆಡಳಿತವರ್ಗವು ಬಡ್ತಿಯ ಅರ್ಹತಾಪತ್ರವೆಂದು ಗ್ರಹಿಸುತ್ತದೆ. ಪ್ರಬಂಧವನ್ನು ಕಳುಹಿಸಿ ತಿಂಗಳುಗಟ್ಟಲೆ ಕಾದು ಕುಳಿತ ತರುಣ ಸಂಶೋಧಕನಾದರೋ, ತನ್ನ ಭವಿಷ್ಯವು ಅಜ್ಞಾತ ವ್ಯಕ್ತಿಗಳಿಬ್ಬರ ಕೈಯಲ್ಲಿದೆಯೆಂದು ಭಾವಿಸುತ್ತಾನೆ. ಈ ಮೂರು ಗ್ರಹಿಕೆಗಳಲ್ಲಿ ಯಾವುದು ಯುಕ್ತ, ಯಾವುದು ಅಯುಕ್ತ, ಈ ಪದ್ಧತಿ ಎಲ್ಲಿಂದ ಬಂದಿತು, ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದನ್ನು ಸಾವಧಾನವಾಗಿ ನೋಡುವುದು ಅವಶ್ಯವಾಗಿದೆ.

ಕ್ರಮವನ್ನು ಸಂಕ್ಷೇಪವಾಗಿ ಹೇಳುವುದಾದರೆ ಹೀಗಿದೆ. ಲೇಖಕನು ಹಸ್ತಪ್ರತಿಯನ್ನು ಸಂಪಾದಕನಿಗೆ ಕಳುಹಿಸುತ್ತಾನೆ. ಸಂಪಾದಕನು ಮೊದಲ ಓದಿನಲ್ಲಿಯೇ ಕೆಲವನ್ನು ಹಿಂದಿರುಗಿಸಿ, ಉಳಿದವನ್ನು ಆಯಾ ವಿಷಯದಲ್ಲಿ ನುರಿತ ಇಬ್ಬರು ಮೂವರಿಗೆ ಕಳುಹಿಸುತ್ತಾನೆ. ಅವರು ಸಂಭಾವನೆಯಿಲ್ಲದೆ, ಬಹುಮಟ್ಟಿಗೆ ಹೆಸರನ್ನು ಮರೆಸಿಕೊಂಡು, ಸ್ವೀಕರಿಸಬಹುದು, ತಿದ್ದಿದರೆ ಸ್ವೀಕರಿಸಬಹುದು, ಸ್ವೀಕರಿಸಲಾಗದು ಎಂಬ ಅಭಿಪ್ರಾಯವನ್ನು ಕಾರಣಸಹಿತವಾಗಿ ಬರೆಯುತ್ತಾರೆ. ಅಂತಿಮ ನಿರ್ಣಯ ಸಂಪಾದಕನದೇ. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಪರಿಶೀಲಕನ ಮುಂದಿರುವುದು ಬರೆಹ ಮಾತ್ರ. ಪ್ರಯೋಗಶಾಲೆಯಲ್ಲ, ರೋಗಿಯಲ್ಲ, ಎಷ್ಟೋ ವೇಳೆ ಮೂಲ ಅಂಕಿಅಂಶಗಳೂ ಅಲ್ಲ. ತರ್ಕವು ಸರಿಯಾಗಿದೆಯೆ, ಅನುಸರಿಸಿದ ವಿಧಾನವು ಪ್ರಶ್ನೆಗೆ ತಕ್ಕುದೆ, ಪೂರ್ವಸೂರಿಗಳ ಕೃಷಿಯನ್ನು ಲೇಖಕನು ಬಲ್ಲನೆ, ಸಾಧನಕ್ಕೆ ಮೀರಿದ ಸಾಧ್ಯವನ್ನು ಪ್ರತಿಪಾದಿಸಿದ್ದಾನೆಯೆ ಎಂಬುದನ್ನು ಅವನು ಹೇಳಬಲ್ಲನು. ಲೇಖಕನು ಪ್ರಯೋಗವನ್ನು ಮಾಡದೆಯೇ ಮಾಡಿದೆನೆಂದು ಬರೆದಿದ್ದರೆ, ಅದನ್ನು ಕಂಡುಹಿಡಿಯುವ ಉಪಾಯ ಅವನ ಬಳಿ ಇಲ್ಲ.

ನಮ್ಮ ನೈಯಾಯಿಕರು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಿದರು. ತತ್ತ್ವವನ್ನು ತಿಳಿಯುವ ಉದ್ದೇಶದಿಂದ ನಡೆಯತಕ್ಕದ್ದು ವಾದ. ಗೆಲ್ಲುವ ಉದ್ದೇಶದಿಂದ ನಡೆಯತಕ್ಕದ್ದು ಜಲ್ಪ. ತನ್ನದಾದ ಪಕ್ಷವೊಂದನ್ನೂ ಸ್ಥಾಪಿಸದೆ ಎದುರಿನವನ ಪಕ್ಷವನ್ನು ಕೆಡವುವುದಕ್ಕಾಗಿಯೇ ನಡೆಯತಕ್ಕದ್ದು ವಿತಂಡೆ. ಶಾಸ್ತ್ರಗ್ರಂಥಗಳಲ್ಲಿ ಸಿದ್ಧಾಂತಕ್ಕೆ ಮೊದಲು ಪೂರ್ವಪಕ್ಷವನ್ನು, ಅದೂ ಎದುರಾಳಿಯು ಒಪ್ಪುವಷ್ಟು ಪ್ರಬಲವಾಗಿ, ನಿರೂಪಿಸಬೇಕೆಂಬ ನಿಯಮವು ಈ ವಿವೇಕದ ಫಲವೇ ಆಗಿದೆ. ಸಮಾನ ವಿದ್ವಾಂಸರ ಪರಿಶೀಲನೆಯನ್ನು ನಾನು ಇದೇ ದೃಷ್ಟಿಯಿಂದ ನೋಡುತ್ತೇನೆ: ಅದು ಅಚ್ಚಿಗೆ ಮುನ್ನ ಒಬ್ಬ ಅರ್ಹನು ಎತ್ತುವ ಪೂರ್ವಪಕ್ಷ. ವಾದವಾಗಿ ನಡೆದಲ್ಲಿ ಅದರಿಂದ ವಿದ್ಯೆಗಾದ ಉಪಕಾರವು ಅಪಾರ. ಅದನ್ನು ತೀರ್ಪೆಂದೂ ಪ್ರಮಾಣಪತ್ರವೆಂದೂ ಬಳಸತೊಡಗಿದಲ್ಲಿ ಕೇಡು ಹುಟ್ಟಿದೆ. ಅದರ ಚರಿತ್ರೆಯನ್ನು ನೋಡಿದರೆ, ಈ ಎರಡು ಪ್ರಯೋಜನಗಳ ತಿಕ್ಕಾಟವು ಮೊದಲ ದಿನದಿಂದಲೇ ನಡೆದುಬಂದಿರುವುದು ಸ್ಪಷ್ಟವಾಗುತ್ತದೆ.

ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗನು 1665ರ ಮಾರ್ಚ್ 6ರಂದು ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಪತ್ರಿಕೆಯನ್ನು ಹೊರತಂದುದರೊಡನೆಯೇ ಈ ಪದ್ಧತಿಯೂ ಜನಿಸಿತೆಂದು ಹಲವರು ಬರೆಯುವುದುಂಟು. ಇದು ಪೂರ್ತಿಯಾಗಿ ಸರಿಯಲ್ಲ. ಓಲ್ಡನ್‌ಬರ್ಗನು ತನ್ನ ಸ್ವಂತ ವಿವೇಚನೆಯಿಂದ, ಸ್ವಂತ ಖರ್ಚಿನಿಂದ, ತನಗೆ ಬಂದ ಪತ್ರಗಳನ್ನು ಆಯ್ದು ಪ್ರಕಟಿಸಿದವನು. ಸೊಸೈಟಿಯು ಪತ್ರಿಕೆಯ ಹೊಣೆಯನ್ನು ವಹಿಸಿಕೊಂಡು, ಲೇಖನಗಳ ಆಯ್ಕೆಗೆ ಸಮಿತಿಯೊಂದನ್ನು ನೇಮಿಸಿದ್ದು 1752ರಲ್ಲಿ; ಆಗಲೂ ಸದಸ್ಯರು ಮತ ಹಾಕುತ್ತಿದ್ದರೇ ಹೊರತು ಲಿಖಿತವಾದ ಅಭಿಪ್ರಾಯಗಳನ್ನು ಕೊಡುವ ನಿಯಮವಿರಲಿಲ್ಲ. ಅದು ಬಂದದ್ದು ಹತ್ತೊಂಬತ್ತನೆಯ ಶತಮಾನದ ನಾಲ್ಕನೆಯ ದಶಕದಲ್ಲಿ, ಸದಸ್ಯನಾದ ವಿಲಿಯಂ ಹ್ಯೂವೆಲನ ಸಲಹೆಯಿಂದ.

ಲಿಖಿತ ವರದಿಯ ಆ ಮೊದಲ ಪ್ರಸಂಗವನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. ಭೂಮಿ ಮತ್ತು ಶುಕ್ರಗ್ರಹಗಳ ಚಲನೆಯಲ್ಲಿರುವ ದೀರ್ಘಾವಧಿಯ ವ್ಯತ್ಯಾಸವೊಂದನ್ನು ಕುರಿತು ಜಾರ್ಜ್ ಏರಿಯು ಬರೆದ ಪ್ರಬಂಧದ ಮೇಲೆ ಹ್ಯೂವೆಲನೂ ಜಾನ್ ವಿಲಿಯಂ ಲಬ್ಬಕನೂ ಕೂಡಿ ವರದಿಯನ್ನು ಬರೆಯಬೇಕಾಗಿತ್ತು. ಕೃತಿಯ ಮಹತ್ತ್ವವೇನು, ಅದು ಶಾಸ್ತ್ರದ ಯಾವ ಭಾಗವನ್ನು ಮುಂದುವರಿಸುತ್ತದೆ ಎಂಬುದನ್ನು ಲೋಕಕ್ಕೆ ವಿವರಿಸುವುದೇ ವರದಿಯ ಕಾರ್ಯವೆಂದು ಹ್ಯೂವೆಲನ ಮತ. ದೋಷಗಳನ್ನು ಎತ್ತಿ ತೋರಿಸಿ ತಿದ್ದಿಸುವುದೇ ಕಾರ್ಯವೆಂದು ಲಬ್ಬಕನ ಮತ. ಏರಿಯು ತಿದ್ದಲೊಲ್ಲೆನೆಂದನು. ಪರಿಶೀಲಕರಿಬ್ಬರಲ್ಲಿ ಒಮ್ಮತವು ಕೂಡದೆ, ಕೊನೆಗೆ ಹ್ಯೂವೆಲನ ಪಕ್ಷಕ್ಕೆ ಹೊಂದುವ ಪ್ರಶಂಸಾತ್ಮಕ ವರದಿಯೇ 1832ರಲ್ಲಿ ಅಚ್ಚಾಯಿತು. ಆದರೆ ಕಾಲಕ್ರಮದಲ್ಲಿ ಗೆದ್ದುದು ಲಬ್ಬಕನ ದಾರಿ. ವರದಿಗಳನ್ನು ಪ್ರಕಟಿಸುವ ಹ್ಯೂವೆಲನ ಆಶಯವು ಹಿಂದೆ ಸರಿದು, ಅವು ಗೋಪ್ಯವಾದುವು. ವಿವರಣೆಯ ಸ್ಥಾನದಲ್ಲಿ ದೋಷಾನ್ವೇಷಣವು ನಿಂತಿತು.

ಗೋಪ್ಯವಾದ ದೋಷಾನ್ವೇಷಣದ ಪರಿಣಾಮವೇನೆಂಬುದನ್ನು ಹೆಚ್ಚು ಕಾಲ ಕಾಯದೆಯೇ ನೋಡಬಹುದಾಯಿತು. ಈಸ್ಟ್ ಇಂಡಿಯಾ ಕಂಪನಿಯ ನೌಕಾ ಕೆಡೆಟ್ಟುಗಳಿಗೆ ಮುಂಬಯಿಯಲ್ಲಿ ಪಾಠ ಹೇಳುತ್ತಿದ್ದ ಜಾನ್ ಜೇಮ್ಸ್ ವಾಟರ್‌ಸ್ಟನ್ ಎಂಬ ಸ್ಕಾಟ್ಲೆಂಡಿನ ವ್ಯಕ್ತಿ, ಅನಿಲಗಳು ಎಡೆಬಿಡದೆ ಚಲಿಸುವ ಅಣುಗಳ ಸಮೂಹವೆಂದೂ, ಉಷ್ಣತೆಯೆಂಬುದು ಆ ಅಣುಗಳ ಚಲನಶಕ್ತಿಯ ಅಳತೆಯೆಂದೂ ಪ್ರತಿಪಾದಿಸುವ ಪ್ರಬಂಧವನ್ನು 1845ರಲ್ಲಿ ರಾಯಲ್ ಸೊಸೈಟಿಗೆ ಕಳುಹಿಸಿದನು. ಪರಿಶೀಲಕರಲ್ಲೊಬ್ಬನು, ಅದೇ ಲಬ್ಬಕನು, ಪ್ರಬಂಧವು ಕೇವಲ ಅಸಂಬದ್ಧವೆಂದೂ ಸಭೆಯಲ್ಲಿ ಓದುವುದಕ್ಕೂ ಯೋಗ್ಯವಲ್ಲವೆಂದೂ ಬರೆದನು. ಸೊಸೈಟಿಯ ಅಂದಿನ ನಿಯಮದಂತೆ ಹಸ್ತಪ್ರತಿ ಹಿಂದಿರುಗಲಿಲ್ಲ. ವಾಟರ್‌ಸ್ಟನ್ ನಕಲನ್ನು ಇಟ್ಟುಕೊಂಡಿರಲಿಲ್ಲ. ಇದೇ ತತ್ತ್ವವನ್ನು ಮುಂದೆ ಕ್ಲಾಸಿಯಸ್, ಮ್ಯಾಕ್ಸ್‌ವೆಲ್ ಮೊದಲಾದವರು ಬೇರೆಯಾಗಿಯೇ ಕಂಡು ಸ್ಥಾಪಿಸಿದರು. ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಲಾರ್ಡ್ ರ‍್ಯಾಲಿಯು ಕಡತಗಳಲ್ಲಿ ಆ ಹಸ್ತಪ್ರತಿಯನ್ನು ಕಂಡು 1892ರಲ್ಲಿ ಅಚ್ಚು ಹಾಕಿಸುವ ಹೊತ್ತಿಗೆ, ಲೇಖಕನು ತೀರಿಕೊಂಡು ಒಂಬತ್ತು ವರ್ಷಗಳಾಗಿದ್ದುವು. ದೊಡ್ಡ ಕಾರ್ಯವನ್ನು ಮಾಡಬಲ್ಲೆನೆಂದು ನಂಬಿದ ತರುಣನು ಮೊದಲು ಸಣ್ಣ ಕಾರ್ಯಗಳಿಂದ ಮನ್ನಣೆಯನ್ನು ಸಂಪಾದಿಸಿಕೊಳ್ಳುವುದು ಲೇಸೆಂದು ರ‍್ಯಾಲಿಯು ಮುನ್ನುಡಿಯಲ್ಲಿ ಬುದ್ಧಿವಾದ ಹೇಳಿದ್ದಾನೆ. ವ್ಯವಹಾರಜ್ಞಾನದ ಮಾತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬರೆದುದರ ಯೋಗ್ಯತೆಯನ್ನು ಬರೆದವನ ಹೆಸರಿನಿಂದ ಅಳೆಯುತ್ತಿದ್ದರೆಂಬುದನ್ನು ಒಪ್ಪಿಕೊಂಡ ಮಾತೂ ಅದೇ ಆಗಿದೆ.

ಪರಿಶೀಲನೆಯಿಂದ ಆದ ಹಾನಿಗೆ ವಾಟರ್‌ಸ್ಟನ್ ನಿದರ್ಶನವಾದರೆ, ಅದರಿಂದಾದ ಉಪಕಾರಕ್ಕೆ ಐನ್‌ಸ್ಟೈನರೇ ನಿದರ್ಶನ. 1936ರಲ್ಲಿ ಅವರು ನೇಥನ್ ರೋಸೆನ್‌ರೊಡನೆ ಕೂಡಿ, ಗುರುತ್ವಾಕರ್ಷಣೆಯ ತರಂಗಗಳು ಇರಲಾರವೆಂಬ ನಿರ್ಣಯಕ್ಕೆ ಬಂದು, ಆ ಪ್ರಬಂಧವನ್ನು ಅಮೆರಿಕದ ‘ಫಿಸಿಕಲ್ ರಿವ್ಯೂ’ ಪತ್ರಿಕೆಗೆ ಕಳುಹಿಸಿದರು. ಸಂಪಾದಕ ಜಾನ್ ಟೇಟ್ ಅದನ್ನು ಪರಿಶೀಲಕನಿಗೆ ಕೊಟ್ಟರು. ತಪ್ಪನ್ನು ತೋರಿಸುವ ಹತ್ತು ಪುಟಗಳ ವರದಿ ಬಂದಿತು. ಐನ್‌ಸ್ಟೈನರು ಕುಪಿತರಾಗಿ, ಪ್ರಕಟಣೆಗೆಂದು ಕಳುಹಿಸಿದುದನ್ನು ಅಚ್ಚಿಗೆ ಮೊದಲು ಪರರಿಗೆ ತೋರಿಸುವ ಅಧಿಕಾರವನ್ನು ತಾವು ಕೊಟ್ಟಿರಲಿಲ್ಲವೆಂದು ತಿಳಿಸಿ, ಹಸ್ತಪ್ರತಿಯನ್ನು ಹಿಂತೆಗೆದುಕೊಂಡರು. ಜರ್ಮನಿಯಲ್ಲಿ ಅವರು ಬಲ್ಲ ಪತ್ರಿಕೆಗಳಲ್ಲಿ ಇಂಥ ಪದ್ಧತಿ ಇರಲಿಲ್ಲವಾದುದರಿಂದ ಆ ಕೋಪವು ಅರ್ಥವಾಗತಕ್ಕದ್ದೇ. ಆದರೆ ಮರುವರ್ಷ ‘ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್’ ಪತ್ರಿಕೆಯಲ್ಲಿ ಅದು ಅಚ್ಚಾದಾಗ ನಿರ್ಣಯವು ತಿರುಗಿಬಿದ್ದಿತ್ತು. ತರಂಗಗಳು ಉಂಟೆಂಬ ಪಕ್ಷಕ್ಕೆ ಅವರು ಬಂದಿದ್ದರು. ಆ ಪರಿಶೀಲಕನು ಪ್ರಿನ್ಸ್‌ಟನ್ನಿನ ಹೋವರ್ಡ್ ಪರ್ಸಿ ರಾಬರ್ಟ್‌ಸನ್ ಎಂಬುದು 2005ರಲ್ಲಿ ಬಹಿರಂಗವಾಯಿತು. ಹೆಸರನ್ನು ಹೇಳದೆಯೇ ಅವನು ಐನ್‌ಸ್ಟೈನರ ಸಹಾಯಕ ಇನ್ಫೆಲ್ಡ್‌ನೊಡನೆ ಸ್ನೇಹದಿಂದ ಚರ್ಚಿಸಿ ದೋಷವನ್ನು ಮನಗಾಣಿಸಿದ್ದನು. ಎಂಬತ್ತು ವರ್ಷಗಳ ತರುವಾಯ, 2016ರ ಫೆಬ್ರವರಿಯಲ್ಲಿ, ಆ ತರಂಗಗಳನ್ನು ಸಾಕ್ಷಾತ್ತಾಗಿ ಗುರುತಿಸಿದ ಪ್ರಬಂಧವು ಅದೇ ಪತ್ರಿಕಾಸಮೂಹದಲ್ಲಿ, ಪರಿಶೀಲನೆಗೆ ಒಳಪಟ್ಟು, ಪ್ರಕಟವಾಯಿತು. ಗೆಲ್ಲುವ ಆಸೆಯಿಲ್ಲದ, ತತ್ತ್ವದ ಮೇಲಷ್ಟೇ ಕಣ್ಣಿಟ್ಟ ರಾಬರ್ಟ್‌ಸನ್ನನ ನಡೆವಳಿಕೆಯನ್ನು ವಾದವೆಂಬುದಕ್ಕೆ ಆದರ್ಶವಾಗಿ ಇಟ್ಟುಕೊಳ್ಳಬಹುದೆಂದು ನನಗೆ ತೋರುತ್ತದೆ.

ಹಾಗೆಂದು ಪರಿಶೀಲನೆಯಿಲ್ಲದೆ ವಿಜ್ಞಾನವೇ ಇಲ್ಲವೆಂದು ಹೇಳುವಂತಿಲ್ಲ. ಢಾಕಾದಿಂದ ಸತ್ಯೇಂದ್ರನಾಥ ಬೋಸರು 1924ರ ಜೂನ್ 4ರಂದು ಐನ್‌ಸ್ಟೈನರಿಗೆ ಕಳುಹಿಸಿದ ಪ್ರಬಂಧವು, ಅವರೇ ಜರ್ಮನ್ ಭಾಷೆಗೆ ತಿರುಗಿಸಿ ಶಿಫಾರಸು ಮಾಡಿದುದರಿಂದ ಪ್ರಕಟವಾಗಿ, ಭೌತವಿಜ್ಞಾನದ ದಿಕ್ಕನ್ನೇ ಬದಲಿಸಿತು. ಸರ್ ಸಿ. ವಿ. ರಾಮನ್ನರು 1928ರ ಮಾರ್ಚ್ 16ರಂದು ಬೆಂಗಳೂರಿನ ದಕ್ಷಿಣ ಭಾರತ ವಿಜ್ಞಾನ ಸಂಘದಲ್ಲಿ ಮಾಡಿದ ಉಪನ್ಯಾಸವನ್ನು, ವಿದೇಶದ ಯಾರ ಅನುಮತಿಗೂ ಕಾಯದೆ, ತಾವೇ ಸ್ಥಾಪಿಸಿದ್ದ ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ ಅಚ್ಚು ಹಾಕಿಸಿದರು, ಎರಡು ವರ್ಷಗಳಲ್ಲಿ ನೊಬೆಲ್ ಪಾರಿತೋಷಕವು ಬಂದಿತು. ವಾಟ್ಸನ್ ಮತ್ತು ಕ್ರಿಕ್ಕರು ಡಿ.ಎನ್.ಎ.ಯ ರಚನೆಯನ್ನು ತಿಳಿಸಿದ 1953ರ ಪ್ರಬಂಧವನ್ನೂ ‘ನೇಚರ್’ ಪತ್ರಿಕೆಯು ಹೊರಗಿನ ಪರಿಶೀಲಕರಿಗೆ ಕಳುಹಿಸಿರಲಿಲ್ಲ. ಆ ಪತ್ರಿಕೆ ಇದನ್ನು ಕಡ್ಡಾಯಮಾಡಿದ್ದು 1973ರಲ್ಲಿ. ಎರಡನೆಯ ಮಹಾಯುದ್ಧಾನಂತರ ಸಂಶೋಧನೆಗೆ ಸರ್ಕಾರದ ಹಣವು ಹರಿದು ಬಂದು, ಅದು ಸದ್ವಿನಿಯೋಗವಾಗುತ್ತಿದೆಯೆ ಎಂದು ಅಮೆರಿಕದ ಶಾಸನಸಭೆಯು 1975ರಲ್ಲಿ ಪ್ರಶ್ನಿಸಿದಾಗ, ವಿಜ್ಞಾನಿಗಳು ತಮ್ಮ ಸ್ವಾತಂತ್ರ್ಯದ ರಕ್ಷಣೆಗಾಗಿ ಈ ಪದ್ಧತಿಯನ್ನು ಮುಂದುಮಾಡಿದರು. ಅನಾದಿಯೆಂದು ನಾವು ಭಾವಿಸಿರುವ ಇದರ ಪ್ರತಿಷ್ಠೆಗೆ ಇನ್ನೂ ಪೂರ್ತಿ ಒಂದು ಶತಮಾನವೂ ತುಂಬಿಲ್ಲ.

ಇನ್ನು, ಈ ಪದ್ಧತಿಯನ್ನೇ ಪರೀಕ್ಷೆಗೆ ಒಡ್ಡಿದವರು ಕಂಡುದೇನು? ಬ್ರಿಟಿಷ್ ಮೆಡಿಕಲ್ ಜರ್ನಲಿನವರು ಪ್ರಬಂಧವೊಂದರಲ್ಲಿ ಬೇಕೆಂದೇ ಎಂಟು ದೋಷಗಳನ್ನು ಸೇರಿಸಿ 420 ಮಂದಿ ಪರಿಶೀಲಕರಿಗೆ ಕಳುಹಿಸಿದರು. 1998ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಉತ್ತರಿಸಿದ 221 ಮಂದಿ ಸರಾಸರಿ ಎರಡು ದೋಷಗಳನ್ನು ಮಾತ್ರ ಗುರುತಿಸಿದ್ದರು. ನೂರಕ್ಕೆ ಹದಿನಾರು ಮಂದಿಗೆ ಒಂದೂ ಕಂಡಿರಲಿಲ್ಲ. ಅಮೆರಿಕದ ಪೀಟರ್ಸ್ ಮತ್ತು ಸೆಸಿ ಎಂಬ ಮನಶ್ಶಾಸ್ತ್ರಜ್ಞರು, ಪ್ರಸಿದ್ಧ ಸಂಸ್ಥೆಗಳಿಂದ ಬಂದು ಆಗಲೇ ಅಚ್ಚಾಗಿದ್ದ ಹನ್ನೆರಡು ಪ್ರಬಂಧಗಳನ್ನು ಕಲ್ಪಿತ ಹೆಸರುಗಳಿಂದ ಆಯಾ ಪತ್ರಿಕೆಗಳಿಗೇ ಮರಳಿ ಕಳುಹಿಸಿದಾಗ, ಮೂರನ್ನು ಮಾತ್ರ ಹಿಂದೆ ಬಂದುದೆಂದು ಗುರುತಿಸಲಾಯಿತು. ಉಳಿದ ಒಂಬತ್ತರಲ್ಲಿ ಎಂಟು ತಿರಸ್ಕೃತವಾದುವು. ಇದು 1982ರ ಮಾತು. ಕೃತಕ ಬುದ್ಧಿಮತ್ತೆಯ ಕ್ಷೇತ್ರದ ದೊಡ್ಡ ಸಮ್ಮೇಳನವೊಂದು 2014ರಲ್ಲಿ 166 ಪ್ರಬಂಧಗಳನ್ನು ಎರಡು ಪ್ರತ್ಯೇಕ ಸಮಿತಿಗಳಿಗೆ ಒಪ್ಪಿಸಿ ನೋಡಿದಾಗ, ಸುಮಾರು ಕಾಲುಭಾಗದ ವಿಷಯದಲ್ಲಿ ಇವರು ಬೇಕೆಂದುದನ್ನು ಅವರು ಬೇಡವೆಂದಿದ್ದರು. ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಳವಳಗೊಳಿಸಿದ್ದು 2022ರಲ್ಲಿ ಪ್ರಕಟವಾದ ಅರ್ಥಶಾಸ್ತ್ರದ ಪ್ರಯೋಗ: ಒಂದೇ ಪ್ರಬಂಧಕ್ಕೆ ನೊಬೆಲ್ ಪುರಸ್ಕೃತ ವರ್ನನ್ ಸ್ಮಿತ್‌ರ ಹೆಸರಿದ್ದಾಗ ತಿರಸ್ಕರಿಸಿದವರು ನೂರಕ್ಕೆ ಸುಮಾರು 23, ಹೆಸರನ್ನು ಮರೆಸಿದಾಗ 48, ಅಷ್ಟಾಗಿ ಹೆಸರಾಗದ ಸಹಲೇಖಕನ ಹೆಸರು ಮಾತ್ರ ಇದ್ದಾಗ 65. ವಾಟರ್‌ಸ್ಟನ್ನನ ಕಾಲವು ಇನ್ನೂ ಕಳೆದಿಲ್ಲ. ಲೇಖಕನ ಹೆಸರನ್ನು ಪರಿಶೀಲಕನಿಂದ ಮರೆಸಬೇಕೆಂಬ ಬೇಡಿಕೆಗೆ ಇದಕ್ಕಿಂತ ಪ್ರಬಲವಾದ ಸಮರ್ಥನೆ ಬೇಕಿಲ್ಲ.

ವಂಚನೆಯ ವಿಷಯವು ಬೇರೆ. ದಡಾರದ ಲಸಿಕೆಯನ್ನೂ ಆಟಿಸಮ್ಮನ್ನೂ ತಳಕುಹಾಕಿದ, ಹನ್ನೆರಡು ಮಕ್ಕಳನ್ನು ಆಧರಿಸಿದ ಪ್ರಬಂಧವು 1998ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪರಿಶೀಲನೆಯನ್ನು ದಾಟಿಯೇ ಬಂದಿತು, ಅದನ್ನು ಪೂರ್ಣವಾಗಿ ಹಿಂತೆಗೆದುಕೊಂಡದ್ದು 2010ರಲ್ಲಿ. ನಡುವಣ ವರ್ಷಗಳಲ್ಲಿ ಎಷ್ಟೋ ತಾಯ್ತಂದೆಯರು ಮಕ್ಕಳಿಗೆ ಲಸಿಕೆ ಹಾಕಿಸಲು ಹೆದರಿದರು. ಕೊರೋನಾ ಸಾಂಕ್ರಾಮಿಕದ ಕಾಲದಲ್ಲಿ, ಮೂಲ ಅಂಕಿಅಂಶಗಳನ್ನು ಯಾರಿಗೂ ತೋರಿಸದ ಸಂಸ್ಥೆಯೊಂದರ ಮಾಹಿತಿಯನ್ನು ನಂಬಿದ ಎರಡು ಪ್ರಬಂಧಗಳು ವೈದ್ಯಲೋಕದ ಅಗ್ರಗಣ್ಯ ಪತ್ರಿಕೆಗಳೆರಡರಲ್ಲಿ ಅಚ್ಚಾಗಿ, 2020ರ ಜೂನ್‌ನಲ್ಲಿ ಹಿಂತೆಗೆಯಲ್ಪಟ್ಟುವು. ಎರಡು ಸಂದರ್ಭಗಳಲ್ಲಿಯೂ ಅಸತ್ಯವನ್ನು ಬಯಲಿಗೆ ತಂದವರು ಪ್ರಕಟಣೆಯ ಅನಂತರ ಓದಿದವರು. ಓದುಗರ ಪರಿಶೀಲನೆಯೆಂಬುದು ಅಚ್ಚಾದ ದಿನ ಮುಗಿಯುವುದಿಲ್ಲ, ಅಂದು ಆರಂಭವಾಗುತ್ತದೆ. ಮೊದಲ ಇಬ್ಬರು ಮೂವರು ಅದರ ಮುಂಬಾಗಿಲಲ್ಲಿ ನಿಂತವರು ಮಾತ್ರ.

ಈಗ ನಮ್ಮ ದೇಶದ ಸ್ಥಿತಿಗೆ ಬರೋಣ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2010ರ ನಿಯಮಾವಳಿಯಲ್ಲಿ ಅಧ್ಯಾಪಕರ ನೇಮಕ ಮತ್ತು ಬಡ್ತಿಗಳನ್ನು ಪ್ರಕಟಣೆ ಮೊದಲಾದವನ್ನು ಎಣಿಸುವ ಎ.ಪಿ.ಐ. ಅಂಕಗಳಿಗೆ ಗಂಟುಹಾಕಿದ ಮೇಲೆ, ಪ್ರಕಟಣೆಯು ವಿದ್ಯೆಯ ಫಲವಾಗಿರುವ ಬದಲು ಉದ್ಯೋಗದ ಸುಂಕವಾಯಿತು. ಪಾಠದ ಹೊರೆ, ಗ್ರಂಥಾಲಯದ ಕೊರತೆ, ಪ್ರಯೋಗಶಾಲೆಯ ಅಭಾವಗಳ ನಡುವೆ ಇರುವ ತಾಲ್ಲೂಕು ಕೇಂದ್ರದ ಕಾಲೇಜಿನ ಅಧ್ಯಾಪಕನಿಗೂ ಅಂಕ ಬೇಕೆಂದಾಗ, ಹಣ ತೆಗೆದುಕೊಂಡು ಕೆಲವೇ ದಿನಗಳಲ್ಲಿ ‘ಪರಿಶೀಲಿಸಿ’ ಅಚ್ಚು ಹಾಕುವ ಪತ್ರಿಕೆಗಳು ಹುಟ್ಟದೆ ಇರುತ್ತವೆಯೆ? 2013ರಲ್ಲಿ ‘ಸೈನ್ಸ್’ ಪತ್ರಿಕೆಯ ಜಾನ್ ಬೊಹಾನನ್ ಎದ್ದು ಕಾಣುವ ತಪ್ಪುಗಳಿಂದ ಕೂಡಿದ ಕಲ್ಪಿತ ಪ್ರಬಂಧವೊಂದನ್ನು 304 ಪತ್ರಿಕೆಗಳಿಗೆ ಕಳುಹಿಸಿದಾಗ 157 ಪತ್ರಿಕೆಗಳು ಸ್ವೀಕರಿಸಿದುವು. ಅವುಗಳಲ್ಲಿ ಅನೇಕವು ಭಾರತದಲ್ಲಿ ನೆಲೆಯೂರಿದ್ದುವು. ಆಯೋಗವು ಮಾನ್ಯ ಪತ್ರಿಕೆಗಳ ಪಟ್ಟಿಯನ್ನು ಮಾಡಿ, 2018ರ ಮೇ ತಿಂಗಳಲ್ಲಿ ಅದರಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಿ, ಅನಂತರ ‘ಕೇರ್’ ಎಂಬ ಹೊಸ ಪಟ್ಟಿಯನ್ನು ತಂದು, 2025ರ ಫೆಬ್ರವರಿಯಲ್ಲಿ ಅದನ್ನೂ ಕೈಬಿಟ್ಟಿತು. ಪಟ್ಟಿಯಿಂದ ಪಟ್ಟಿಗೆ ಅಲೆದ ಈ ದೀರ್ಘ ಪ್ರಯಾಸದಲ್ಲಿ, ಬಡ್ತಿಯ ಸಮಿತಿಯವರು ಅಭ್ಯರ್ಥಿಯ ಪ್ರಬಂಧವನ್ನು ತಾವೇ ಕುಳಿತು ಓದಬೇಕೆಂಬ ನೇರವಾದ ಪರಿಹಾರವು ಕಡೆಗಣಿಸಲ್ಪಟ್ಟಿತು. ಮೋಸಹೋದ ಅಧ್ಯಾಪಕರನ್ನೆಲ್ಲ ನಾನು ದೂಷಿಸಲಾರೆ. ಅವರಲ್ಲಿ ಬಹುಮಂದಿ ಒಮ್ಮೆಯಾದರೂ ನಿಜವಾದ ಪರಿಶೀಲನೆಯನ್ನು ಕಂಡವರಲ್ಲ. ಒಬ್ಬ ಹಿರಿಯನು ತಮ್ಮ ಬರೆಹವನ್ನು ಸಾಲುಸಾಲಾಗಿ ಓದಿ, ಇಲ್ಲಿ ಹೇತು ಸಾಲದು, ಅಲ್ಲಿ ಇಂಥವರ ಕೃತಿಯನ್ನು ನೋಡು ಎಂದು ಬರೆದ ಪತ್ರದ ಬೆಲೆಯನ್ನು ಅವರಿಗೆ ತಿಳಿಸಿದವರಿಲ್ಲ.

ಅಂಥ ಪತ್ರವನ್ನು ಬರೆಯುವವರ ಶ್ರಮಕ್ಕಾದರೂ ಏನು ಮನ್ನಣೆಯಿದೆ? 2020ನೆಯ ಒಂದೇ ವರ್ಷದಲ್ಲಿ ಜಗತ್ತಿನ ಪರಿಶೀಲಕರು ಈ ಕಾರ್ಯಕ್ಕೆ ಹತ್ತು ಕೋಟಿ ಗಂಟೆಗಳಿಗೂ ಮಿಕ್ಕಿ ವ್ಯಯಿಸಿದರೆಂದು ಅಂದಾಜು ಮಾಡಲಾಗಿದೆ. ಈ ಶ್ರಮವು ಉಚಿತ. ಅದರ ಫಲವಾದ ಪತ್ರಿಕೆಗಳನ್ನು ಕೊಳ್ಳುವುದು ಮಾತ್ರ ಉಚಿತವಲ್ಲ. ‘ಒಂದು ದೇಶ ಒಂದು ಚಂದಾ’ ಎಂಬ ಯೋಜನೆಗೆ ಕೇಂದ್ರ ಸಂಪುಟವು 2024ರಲ್ಲಿ ಮೂರು ವರ್ಷಗಳಿಗೆಂದು ಒಪ್ಪಿಗೆ ಕೊಟ್ಟ ಮೊತ್ತವು 6,000 ಕೋಟಿ ರೂಪಾಯಿ. ಹಳ್ಳಿಯ ಕಾಲೇಜಿಗೂ ಉತ್ತಮ ಪತ್ರಿಕೆಗಳು ದೊರೆಯುವುದು ಸಂತೋಷದ ಸಂಗತಿಯೇ. ಆದರೂ ವಿದ್ವಾಂಸರು ಬಿಟ್ಟಿಯಾಗಿ ಬರೆದು, ಬಿಟ್ಟಿಯಾಗಿ ತಿದ್ದಿಕೊಟ್ಟುದನ್ನು ಅವರ ದೇಶವೇ ಇಷ್ಟು ಹಣ ತೆತ್ತು ಕೊಳ್ಳಬೇಕಾಗಿರುವುದು ನ್ಯಾಯವೆಂದು ನನ್ನ ಮನಸ್ಸು ಒಪ್ಪುವುದಿಲ್ಲ.

ಸುಧಾರಣೆಯ ಪ್ರಯತ್ನಗಳು ನಡೆದೇ ಇವೆ. ಬ್ರಿಟಿಷ್ ಮೆಡಿಕಲ್ ಜರ್ನಲ್ 1999ರಿಂದ ಪರಿಶೀಲಕನ ಹೆಸರನ್ನು ಲೇಖಕನಿಗೆ ತಿಳಿಸುತ್ತಿದೆ. ಯುರೋಪಿನ ‘ಎಂಬೊ ಜರ್ನಲ್’ 2009ರಿಂದ ಪರಿಶೀಲನೆಯ ವರದಿಗಳನ್ನೂ ಲೇಖಕರ ಉತ್ತರಗಳನ್ನೂ ಪ್ರಬಂಧದೊಡನೆಯೇ ಪ್ರಕಟಿಸುತ್ತಿದೆ. ‘ಈಲೈಫ್’ ಪತ್ರಿಕೆಯು 2023ರಿಂದ, ಪರಿಶೀಲನೆಗೆಂದು ತೆಗೆದುಕೊಂಡ ಪ್ರಬಂಧವನ್ನು ಸ್ವೀಕಾರ ತಿರಸ್ಕಾರಗಳೆಂಬ ತೀರ್ಪಿಲ್ಲದೆ, ಪರಿಶೀಲಕರ ಅಭಿಪ್ರಾಯಗಳೊಡನೆ ಓದುಗರ ಮುಂದಿಡುತ್ತಿದೆ. ಭೌತವಿಜ್ಞಾನ, ಗಣಿತಗಳಲ್ಲಿ 1991ರಿಂದ ಇರುವ ‘ಆರ್ಕೈವ್’ ಭಂಡಾರಕ್ಕೆ ಹಸ್ತಪ್ರತಿಗಳು ಪರಿಶೀಲನೆಗೆ ಮೊದಲೇ ಸೇರುತ್ತವೆ; ಪ್ವಾಂಕರೆಯ ಊಹೆಯನ್ನು ಸಾಧಿಸಿದ ಪೆರೆಲ್ಮನ್ನರ ಬರೆಹಗಳು 2002ರಿಂದ ಅಲ್ಲಿಯೇ ಉಳಿದು, ಪತ್ರಿಕೆಯೊಂದಕ್ಕೂ ಹೋಗದೆ, ವರ್ಷಗಟ್ಟಲೆ ಗಣಿತಜ್ಞರ ಬಹಿರಂಗ ವಿಚಾರಣೆಗೆ ಒಳಪಟ್ಟು ಮಾನ್ಯವಾದುವು. ಯಂತ್ರದಿಂದ ವರದಿಯನ್ನು ಬರೆಸಿ ತನ್ನದೆಂದು ಒಪ್ಪಿಸುವ ಹೊಸ ಚಾಳಿಯೊಂದು ಈಗ ಹಬ್ಬುತ್ತಿದೆ. ಓದುವ ಹೊಣೆಯನ್ನು ಹೊತ್ತವನು ಓದದೆ ಇರುವುದು, ಸಾಧನ ಯಾವುದೇ ಆಗಲಿ, ವಿಶ್ವಾಸಘಾತವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಈ ಪ್ರಯತ್ನಗಳಲ್ಲಿ ಎಂಬೊ ಪತ್ರಿಕೆಯವರದು ನಮ್ಮ ಸಂಪ್ರದಾಯಕ್ಕೆ ಅತ್ಯಂತ ಸಮೀಪವಾದುದು; ಅದು ಹ್ಯೂವೆಲನು ಬಯಸಿದ ದಾರಿಯೂ ಹೌದು. ಪೂರ್ವಪಕ್ಷವೂ ಸಮಾಧಾನವೂ ಒಂದೇ ಗ್ರಂಥದಲ್ಲಿ ಓದುಗನಿಗೆ ಸಿಕ್ಕಿದರೆ, ಯಾರ ಮಾತು ಎಷ್ಟು ಗಟ್ಟಿಯೆಂಬುದನ್ನು ಅವನೇ ತೂಗಿ ನೋಡಬಹುದು. ಪರಿಶೀಲಕನೂ ವಿತಂಡೆಗೆ ಇಳಿಯಲು ಹಿಂಜರಿಯುತ್ತಾನೆ. ಕನ್ನಡದ ವಿದ್ವತ್ಲೋಕಕ್ಕೆ ಇದು ಹೊಸತೂ ಅಲ್ಲ. ಕವಿರಾಜಮಾರ್ಗದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆಯು ನಮ್ಮ ವಿದ್ವಾಂಸರಲ್ಲಿ ದಶಕಗಳ ಕಾಲ, ಹೆಸರನ್ನು ಮರೆಸಿಕೊಳ್ಳದೆ, ಅಚ್ಚಿನ ಪುಟಗಳಲ್ಲಿಯೇ ನಡೆಯಿತು; ಒಬ್ಬರ ಲೇಖನಕ್ಕೆ ಇನ್ನೊಬ್ಬರ ಖಂಡನೆ, ಅದಕ್ಕೆ ಮತ್ತೆ ಉತ್ತರ ಎಂಬಂತೆ ಬೆಳೆದ ಆ ವಾಗ್ವಾದದಿಂದ ಕನ್ನಡದ ಅಧ್ಯಯನವು ಪುಷ್ಟವಾಯಿತು. ನಮ್ಮ ವಿಶ್ವವಿದ್ಯಾನಿಲಯಗಳ ಮತ್ತು ಪರಿಷತ್ತುಗಳ ಪತ್ರಿಕೆಗಳ ಸಂಪಾದಕರಲ್ಲಿ ನನ್ನ ವಿಜ್ಞಾಪನೆಯಿಷ್ಟು: ಬಂದ ಪ್ರಬಂಧವನ್ನು ಲೇಖಕನ ಹೆಸರನ್ನು ತೆಗೆದು ಇಬ್ಬರು ಬಲ್ಲವರಿಗೆ ಕಳುಹಿಸಿ, ಅವರ ಆಕ್ಷೇಪಗಳನ್ನೂ ಲೇಖಕನ ಉತ್ತರವನ್ನೂ ಪ್ರಬಂಧದ ಕೊನೆಗೆ ಅಚ್ಚು ಹಾಕಿ, ಒಪ್ಪಿದ ಪರಿಶೀಲಕರ ಹೆಸರನ್ನು ಕೃತಜ್ಞತೆಯೊಡನೆ ಕೊಡಿ. ಇದಕ್ಕೆ ಕೆಲವು ಪುಟಗಳ ಕಾಗದವಲ್ಲದೆ ಬೇರೆ ಖರ್ಚಿಲ್ಲ. ಆಯೋಗದ ಆಜ್ಞೆಗೆ ಕಾಯಬೇಕಾಗಿಲ್ಲ. ಮುಂದಿನ ಸಂಚಿಕೆಯಿಂದಲೇ ಆರಂಭಿಸಬಹುದು.